ಲಿನಕ್ಸ್‌ಗೆ ಇಳಿದ ದಿನ ಬಿಲ್ಲೆ ಜೇಬಿನಲ್ಲೇ ಇತ್ತು

ಪರದೆ ಕಪ್ಪಾಯಿತು. ಆ ಕಪ್ಪಿನೊಳಗಿಂದ ಬಿಳಿಯ ಇಂಗ್ಲಿಷ್ ಸಾಲುಗಳು ಸೂರು ಕುಸಿದ ಹಾಗೆ ಒಂದರ ಮೇಲೊಂದು ಸುರಿದವು. ನಾನು ಕುರ್ಚಿ ಬಿಟ್ಟೆದ್ದು ಬಾಗಿಲಿನ ಚೌಕಟ್ಟಿನ ಕೆಳಗೆ ಹೋಗಿ ನಿಂತೆ. ಚಾಂಪಿಯನ್ ರೀಫ್ಸ್‌ನ ಚಿನ್ನದ ಗಣಿಯಲ್ಲಿ ನೆಲದಡಿ ಬಂಡೆ ಸಿಡಿದು ಮನೆಯ ಪಾತ್ರೆಗಳು ಉರುಳುತ್ತಿದ್ದ ಕಾಲದ ಅಭ್ಯಾಸ ಅದು. ಅರವತ್ತೊಂಬತ್ತನೆಯ ವಯಸ್ಸಿನಲ್ಲಿ ವಿಂಡೋಸ್ ತೊರೆದು ಲಿನಕ್ಸ್ ಎಂಬ ಪರದೇಶಕ್ಕೆ ಕಾಲಿಟ್ಟ ಮೊದಲ ಗಳಿಗೆ ಹಾಗಿತ್ತು.

ಬಂಗಾರಪೇಟೆಯಲ್ಲಿ ಇನ್ನೂ ಹಳೆಯ ದೇಶದಲ್ಲೇ ಉಳಿದಿರುವ ನನ್ನ ಟೈಪಿಂಗ್ ಗೆಳೆಯರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಏಳನೆಯ ತರಗತಿಗೆ ಶಾಲೆ ಬಿಟ್ಟ ನಾನು ಮೊದಲು ಗಣಿಗಿಳಿದೆ. ಗಣಿ ಮುಚ್ಚಿದ ಮೇಲೆ ಪುಸ್ತಕ ನೋಡಿಕೊಂಡು ಕಂಪ್ಯೂಟರ್ ಕಲಿತು, ರಾಬರ್ಟ್‌ಸನ್‌ಪೇಟೆಯಲ್ಲಿ ಅರ್ಜಿ ಟೈಪು ಮಾಡುವ ಅಂಗಡಿ ಇಟ್ಟೆ. ವಿಂಡೋಸ್‌ನ ಮೂಲೆಮೂಲೆಯೂ ನನಗೆ ಕಣ್ಣು ಮುಚ್ಚಿದರೂ ಗೊತ್ತಿತ್ತು. ಅದರ ಹತ್ತನೆಯ ಆವೃತ್ತಿಗೆ ಕಂಪನಿ ಕೊಡುತ್ತಿದ್ದ ರಕ್ಷಣೆ ನಿಂತಿತು. ಹನ್ನೊಂದನೆಯದು ನನ್ನ ಹಳೆಯ ಯಂತ್ರವನ್ನು ಒಳಗೆ ಬಿಡಲಿಲ್ಲ. ಕೆಡದ ಯಂತ್ರವನ್ನು ಗುಜರಿಗೆ ಹಾಕಲು ನನ್ನ ಮನಸ್ಸು ಒಪ್ಪಲಿಲ್ಲ.

ಲಿನಕ್ಸ್ ಒಂದೇ ಊರಲ್ಲ. ಒಂದೇ ಬೇರಿನಿಂದ ಹುಟ್ಟಿದ ನೂರಾರು ರೂಪಗಳಿವೆ. ಒಂದೊಂದನ್ನೂ ಅಲ್ಲಿಯವರು ಡಿಸ್ಟ್ರೋ ಎನ್ನುತ್ತಾರೆ. ವಿಂಡೋಸ್‌ನಿಂದ ಬಂದವರಿಗೆ ಮಿಂಟ್ ಒಳ್ಳೆಯದೆಂದು ಎಲ್ಲ ಬರಹಗಳೂ ಹೇಳುತ್ತಿದ್ದವು. ಎಲ್ಲರೂ ಒಂದೇ ಮಾತು ಹೇಳಿದಾಗ ಒಬ್ಬನೇ ಹೇಳಿದ್ದನ್ನು ಉಳಿದವರು ನಕಲು ಮಾಡಿದ್ದಾರೆಂದೇ ನಾನು ಸಂಶಯಿಸುವುದು. ಹಾಗಾಗಿ ಉಬುಂಟು, ಡೆಬಿಯನ್, ಮಿಂಟ್ ಮೂರನ್ನೂ ನಾನೇ ಪರೀಕ್ಷಿಸಲು ಕೂತೆ.

ಗಣಿಯಲ್ಲಿ ನನ್ನೊಡನೆ ದುಡಿದ ಸೆಲ್ವರಾಜ್ ಎದುರು ಬೆಂಚಿನಲ್ಲಿ ಚಹಾ ಕುಡಿಯುತ್ತ ನಕ್ಕ.

"ಎನ್ನಾ ಅಣ್ಣಾ, ಮಗಳಿಗೆ ಮಾಪಿಳ್ಳೆ ನೋಡ್ತಾ ಇದೀಯಾ? ಎಲ್ರೂ ಮಿಂಟ್ ಅಂತಾರೆ, ಅದನ್ನೇ ಆಕು, ಮುಗೀತು."

"ಎಲ್ರೂ ಅಂದ್ರು ಅಂತ ಗಣಿಗ್ ಇಳ್ದೋರಲ್ಲಿ ಎಷ್ಟು ಜನ ಮೇಲಕ್ ಬಂದ್ರು, ನೀನೇ ಏಳು?"

"ಅಯ್ಯೋ, ಇದು ಕಂಪ್ಯೂಟರ್ ಅಣ್ಣಾ. ಇದ್ರಲ್ಲಿ ಯಾರೂ ಸಾಯಲ್ಲ."

ಅವನ ಆ ಮಾತು ಮುಂದೆ ಸುಳ್ಳಾಯಿತು.

ಹೊಸ ದೇಶದಲ್ಲಿ ಒಂದು ಸಜ್ಜನಿಕೆಯಿದೆ. ಅದನ್ನು ಯಂತ್ರದೊಳಗೆ ಸ್ಥಾಪಿಸದೆಯೇ ಪೆನ್‌ಡ್ರೈವ್‌ನಿಂದ ನಡೆಸಿ ನೋಡಬಹುದು. ಇದಕ್ಕೆ ಲೈವ್ ಎನ್ನುತ್ತಾರೆ. ಗಣಿಯಲ್ಲಿ ನಾವು ಸೂರಿನ ಬಂಡೆಯನ್ನು ಸಲಾಕೆಯಿಂದ ತಟ್ಟಿ ನೋಡಿದ ಮೇಲೆಯೇ ಅದರ ಕೆಳಗೆ ನಿಲ್ಲುತ್ತಿದ್ದೆವು. ಗಟ್ಟಿ ಬಂಡೆ ಗಂಟೆಯ ಹಾಗೆ ನುಡಿಯುತ್ತದೆ, ಒಳಗೆ ಬಿರಿದದ್ದು ಒಡೆದ ಮಡಕೆಯ ಹಾಗೆ. ಆ ಸಲಾಕೆ ಇಂದಿಗೂ ನನ್ನ ಅಂಗಡಿಯ ಮೂಲೆಯಲ್ಲಿದೆ. ಮೂರು ಡಿಸ್ಟ್ರೋಗಳನ್ನೂ ಹಾಗೆಯೇ ತಟ್ಟಿದೆ. ಕನ್ನಡ ಮೂಡುತ್ತದೆಯೆ, ಮುದ್ರಣಯಂತ್ರ ಮಾತು ಕೇಳುತ್ತದೆಯೆ, ಹಳೆಯ ಯಂತ್ರ ಏದುಸಿರು ಬಿಡುತ್ತದೆಯೆ ಎಂದು ನೋಡಿದೆ. ನನ್ನ ಯಂತ್ರಕ್ಕೆ ಗಟ್ಟಿಯಾಗಿ ನುಡಿದದ್ದು ಮಿಂಟ್. ಎಲ್ಲರೂ ಹೇಳಿದ್ದೇ ಸರಿ ಎಂದು ತಿಳಿದಾಗ ಮೇಜನ್ನು ಎಷ್ಟು ಬಲವಾಗಿ ಗುದ್ದಿದೆನೆಂದರೆ ಸೆಲ್ವರಾಜನ ಚಹಾ ಚೆಲ್ಲಿತು.

ಆ ಯಂತ್ರದಲ್ಲಿ ಒಂದು ಪುಟವಿತ್ತು. ಕಾಮಸಮುದ್ರದ ಕಡೆಯ ಮುನಿವೆಂಕಟಪ್ಪನ ಹೇಳಿಕೆ. ಮೂವತ್ತು ವರ್ಷಗಳ ಹಿಂದೆ ಗಣಿಯಲ್ಲಿ ಅವನೂ ಅವನ ಹೆಂಡತಿ ನರಸಮ್ಮನ ಅಣ್ಣ ಕೆಂಪಣ್ಣನೂ ನಿಂತಿದ್ದ ಜಾಗದಲ್ಲಿ ಸೂರು ಕಳಚಿತು. ಕೆಂಪಣ್ಣನ ತಲೆ ಜಜ್ಜಿಹೋಯಿತು; ಮುನಿವೆಂಕಟಪ್ಪ ಮುರಿದ ಸೊಂಟದೊಂದಿಗೆ ಉಳಿದ. ಸೂರು ತಟ್ಟದೆ ಬಾಮೈದನನ್ನು ಕೊಂದವನೆಂಬ ಹೆಸರು ಅವನಿಗಂಟಿತು. ತಾಯಿ ತೀರಿಕೊಂಡಾಗ ಮುಖ ನೋಡಲು ಹೋದ ನರಸಮ್ಮನನ್ನು ತವರಿನವರು ಕಲ್ಲು ಹೊಡೆದು ಓಡಿಸಿದರು. ಅವಳ ಹುಬ್ಬಿನ ಮೇಲೆ ಆ ಗಾಯದ ಗೆರೆ ಇದೆ. ಮುನಿವೆಂಕಟಪ್ಪ ಸಾಯುವ ಮುನ್ನ ನನ್ನ ಬಳಿ ಕೂತು ಎಲ್ಲವನ್ನೂ ಬರೆಸಿದ. ಬಂಡೆ ತಟ್ಟಿದೆ, ಟೊಳ್ಳು ಸದ್ದು ಬಂತು, ಕೂಗಿ ಹೇಳಿದೆ, ಕೆಂಪಣ್ಣನಿಗೆ ಕೇಳಿಸಲಿಲ್ಲ ಎಂದು. "ನಾನಿರೋವರ್ಗೂ ಗಲಾಟೆ ಬ್ಯಾಡ. ನಾನ್ ಸತ್ಮೇಲೆ ವರ್ಸದ್ ತಿಥಿಗೆ ಅಚ್ಚಾಕ್ಸಿ ಅವ್ಳ ಕೈಗ್ ಕೊಡು," ಎಂದಿದ್ದ. ಅವನ ವರ್ಷದ ತಿಥಿ ಹತ್ತಿರ ಬಂದಿತ್ತು. ಆ ಕಾಗದ ಹಿಡಿದು ತವರಿಗೆ ಹೋಗಬೇಕೆಂದು ನರಸಮ್ಮ ಕಾದಿದ್ದಳು.

ಗಣಿಗಿಳಿಯುವ ಮುನ್ನ ನಮ್ಮ ನಮ್ಮ ನಂಬರು ಕೆತ್ತಿದ ಹಿತ್ತಾಳೆಯ ಬಿಲ್ಲೆಯನ್ನು ಮೇಲೆಯೇ ಮೊಳೆಗೆ ತೂಗುಹಾಕಬೇಕಿತ್ತು. ಪಾಳಿ ಮುಗಿದರೂ ಬಿಲ್ಲೆ ಅಲ್ಲೇ ಇದ್ದರೆ ಮನುಷ್ಯ ಕೆಳಗಿದ್ದಾನೆಂದು ತಿಳಿಯುತ್ತಿತ್ತು. ಅದೇ ನೇಮದಂತೆ ನಾನು ವಲಸೆಗೆ ಮೊದಲೇ ಆ ಪುಟವನ್ನು ಪೆನ್‌ಡ್ರೈವ್‌ಗೆ ನಕಲು ಮಾಡಿದ್ದೆ. ಆಮೇಲೆ ಅದೇ ಪೆನ್‌ಡ್ರೈವ್‌ಗೆ ಮೊದಲ ಡಿಸ್ಟ್ರೋವನ್ನು ಬರೆಸಿದೆ. ಇದರಲ್ಲಿರುವುದೆಲ್ಲ ಅಳಿಸಿಹೋಗುತ್ತದೆ ಎಂಬ ಎಚ್ಚರಿಕೆ ಪರದೆಯ ಮೇಲೆ ಬಂತು. ಇಪ್ಪತ್ತೈದು ವರ್ಷ ಅಂತಹ ಎಚ್ಚರಿಕೆಗಳನ್ನು ಓದದೆ ಒತ್ತಿ ದಾಟಿದ ಬೆರಳು ಇದನ್ನೂ ದಾಟಿತು. ಒಂದು ಕಡತದ ಪಕ್ಕ ಇನ್ನೊಂದನ್ನಿಟ್ಟರೆ ಮೊದಲನೆಯದಕ್ಕೆ ಏನೂ ಆಗದು ಎಂಬುದು ಹಳೆಯ ದೇಶದ ತಿಳಿವಳಿಕೆ. ಕೊನೆಗೆ ಮಿಂಟನ್ನು ನೆಲೆಗೊಳಿಸುವಾಗ, ಡಿಸ್ಕ್ ಪೂರ್ತಿ ಅಳಿಸಲೆ ಎಂದು ಅದು ಕೇಳಿತು. ಬಿಲ್ಲೆ ಮೇಲಿದೆಯಲ್ಲ ಎಂದು ನಿಶ್ಚಿಂತೆಯಿಂದ ಹೂಂ ಎಂದೆ. ಜಗತ್ತಿನ ಎಲ್ಲ ಹೇಳಿಕೆಗಳನ್ನೂ ಸಂಶಯಿಸಿದವನು ನನ್ನದೊಂದನ್ನು ಮಾತ್ರ ಸಂಶಯಿಸಲಿಲ್ಲ.

ಪುಟ ಎಲ್ಲೂ ಸಿಗಲಿಲ್ಲ. ಕಳೆದುಹೋದದ್ದನ್ನು ಹುಡುಕಿಕೊಡುವ ಅಂಗಡಿಯವನು, ಹಳೆಯದರ ಮೇಲೆ ಹೊಸದು ಕೂತುಬಿಟ್ಟಿದೆ ಎಂದು ಕೈಚೆಲ್ಲಿದ. ನಾನು ಬೀರುವಿನ ಕನ್ನಡಿಗೆ ಮುಷ್ಟಿಯಿಂದ ಗುದ್ದಿದೆ. ಮರುದಿನ ಕೈಗೆ ಬಟ್ಟೆ ಸುತ್ತಿಕೊಂಡು ನರಸಮ್ಮನಿಗೆ ನಿಜ ಹೇಳಿದೆ.

ಅವಳು ಅಳಲಿಲ್ಲ. ಮೂಲೆಯ ಸಲಾಕೆ ಎತ್ತಿ ಮೇಜಿನ ಮೇಲೆ ಬೀಸಿದಳು. ಕೀಲಿಮಣೆ ಎರಡು ತುಂಡಾಯಿತು. ಕೀಲಿಗಳು ಹಲ್ಲುದುರಿದ ಹಾಗೆ ನೆಲಕ್ಕೆ ಚೆಲ್ಲಿದವು. ಇನ್ನೊಂದು ಪೆಟ್ಟು ನನ್ನ ಭುಜದ ಪಕ್ಕದಲ್ಲೇ ಹಾದು ಗೋಡೆಯ ಗಾರೆ ಕಿತ್ತಿತು. ಸೆಲ್ವರಾಜ್ ಹಿಂದಿನಿಂದ ಅವಳ ಕೈ ಹಿಡಿದ.

"ಬುಡು ನನ್ನ! ನಮ್ಮಾಯಪ್ಪನ್ನ ಎರಡ್ನೇ ಸಲ ಸಾಯಿಸ್ಬುಟ್ನಲ್ಲೋ ಈ ಮುದ್ಕ!"

"ವೇಂಡಾಮ್ ಅಕ್ಕಾ, ಬ್ಯಾಡ. ಒಡೆದ್ರೆ ಬರ್ತದಾ?"

ಅವಳು ಸಲಾಕೆ ಕೆಳಗಿಟ್ಟಳು. "ಕೂತ್ಕೊ. ನಾನ್ ಏಳ್ತೀನಿ, ಬರ್ಕೊ."

ಕಂಡವನ ಮಾತಿಗೂ ಕೇಳಿದವಳ ಮಾತಿಗೂ ಅಂತರವಿದೆ ಎಂದು ನಾನು ತೊದಲಿದೆ.

"ಆಯಪ್ಪ ನಿಂಗೆ ಒಂದ್ಸಲ ಏಳ್ತು. ನಂಗೆ ಮೂವತ್ತು ವರ್ಸ ಏಳ್ತು, ನಿದ್ದೇಲೂ ಏಳ್ತು. ಬರ್ಕೊ."

ಸೆಲ್ವರಾಜ್ ತನ್ನ ಮನೆಯ ಕೀಲಿಮಣೆ ತಂದುಕೊಟ್ಟ. ಅವಳು ಹೇಳುತ್ತ ಹೋದಳು. ಬಂಡೆ ತಟ್ಟಿದ್ದು, ಟೊಳ್ಳು ಸದ್ದು ಬಂದದ್ದು, ಹಿಂದೆ ಸರಿ ಎಂದು ಕೂಗಿದ್ದು. ಅಲ್ಲಿಯವರೆಗೆ ಕಳೆದ ಪುಟವೇ. ಮುಂದಿನದು ಅದರಲ್ಲಿರಲಿಲ್ಲ.

"ನಮ್ಮಣ್ಣಂಗೆ ಚೆನ್ನಾಗ್ ಕೇಳ್ಸಿತ್ತು. 'ನಿನ್ ಕಿವಿ ಮಣ್ಣಾಗೋಗೈತೆ ಬಾವ, ಕೊಡಿಲ್ಲಿ' ಅಂತ ಸಲಾಕೆ ಕಿತ್ಕೊಂಡು ತಾನೇ ತಟ್ದ. ಆ ಏಟ್ಗೇ ಬಿತ್ತು. ಸತ್ತೋನ್ ಮೇಲೆ ತಪ್ಪು ಯಾಕ್ ಆಕೋದು ಅಂತ ಆಯಪ್ಪ ನಿಂಗ್ ಮುಚ್ಚಿಟ್ತು."

ನನ್ನ ಬೆರಳು ನಿಂತಿತು. ಇನ್ನೊಬ್ಬನ ಮಾತು ನಂಬದೆ ತಾನೇ ತಟ್ಟಿ ನೋಡಲು ಹೋದವನು ಕೆಂಪಣ್ಣ. ಅವಳ ಮಾತು ನಿಜವೆಂದು ಸಾಧಿಸಲು ನನ್ನಲ್ಲಿ ಏನೂ ಉಳಿದಿರಲಿಲ್ಲ. ಆದರೂ ಒಂದಕ್ಷರ ಬಿಡದೆ ಟೈಪು ಮಾಡಿದೆ. ಕೆಳಗೆ ಅವಳ ಹೆಸರು ಹಾಕಿ, ಮೂರು ಬೇರೆ ಬೇರೆ ಕಡೆ ಉಳಿಸಿ, ಮೂರನ್ನೂ ತೆರೆದು ನೋಡಿದೆ.

ತಿಥಿಯ ಮರುದಿನ ನರಸಮ್ಮ ಅಂಗಡಿಗೆ ಬಂದಳು. ರವಿಕೆಯ ತೋಳು ಹರಿದಿತ್ತು.

"ನಮ್ಮಣ್ಣನ ಮಗ ಕಾಗ್ದ ಅರ್ದಾಕ್ಬುಟ್ಟ."

ನಾನು ಅವಳಿಗೆ ಕುರ್ಚಿ ಎಳೆದುಕೊಟ್ಟೆ.

"ಅರ್ದಾಕೋಕ್ ಮುಂಚೆ ಬಾಗ್ಲಲ್ಲಿ ನಿಂತು ಪೂರ್ತಿ ಓದ್ಕೊಂಡ. ಎರಡ್ಸಲ ಓದ್ಕೊಂಡ. ಇನ್ನೊಂದು ಕಾಪಿ ತೆಗಿಯಣ್ಣ."

ಇಂದಿಗೂ ನನ್ನ ಬೆರಳು ಹಳೆಯ ದೇಶದ ದಾರಿಯಲ್ಲೇ ಹೊರಡುತ್ತದೆ. ಇಲ್ಲಿಲ್ಲದ ಸಿ ಡ್ರೈವನ್ನು ಹುಡುಕಿ ಹಿಂತಿರುಗುತ್ತದೆ. ಮುನಿವೆಂಕಟಪ್ಪ ತನ್ನ ಬಾಯಿಂದ ಹೇಳಿದ್ದು ಆ ದೇಶದಲ್ಲೇ ಹೂತುಹೋಗಿದೆ, ಅವನ ಹೆಂಡತಿ ಹೇಳಿದ್ದು ಈ ದೇಶದಲ್ಲಿದೆ. ನಾನು ಎರಡರ ನಡುವೆ ಕೂತು ಅವಳಿಗೆ ಪ್ರತಿ ತೆಗೆದುಕೊಡುತ್ತೇನೆ. ನಿನ್ನೆ ಕೊಟ್ಟದ್ದು ನಾಲ್ಕನೆಯದು.