ಸ್ಟೆಪ್ ಕಟ್ ವಾಣಿಶ್ರೀ

ಮಾಲೂರಿನ ರೈಲ್ವೆ ಸ್ಟೇಷನ್ ರಸ್ತೆಯಲ್ಲಿ ಬ್ಯೂಟಿ ಪಾರ್ಲರ್ ಇಟ್ಟಿರುವ ವಾಣಿಶ್ರೀಯನ್ನು ಜನ 'ಸ್ಟೆಪ್ ಕಟ್ ವಾಣಿ' ಎಂದೇ ಗುರುತಿಸುತ್ತಾರೆ. ಅದರಲ್ಲಿ ಕುಹಕವೇನೂ ಇಲ್ಲ. ಕೂದಲು ಮೆಟ್ಟಿಲು ಮೆಟ್ಟಿಲಾಗಿ ಇಳಿಯುವಂತೆ ಕತ್ತರಿಸುವುದರಲ್ಲಿ ಅವಳ ಕೈ ಪಳಗಿದೆ. ಮದುವೆ ಗೊತ್ತಾದ ಹುಡುಗಿಯರು ಟೇಕಲ್ ಕಡೆಯಿಂದಲೂ ಹುಡುಕಿಕೊಂಡು ಬರುತ್ತಾರೆ.

ಅವಳು ಹುಟ್ಟಿದ್ದು ಮುಳಬಾಗಿಲು ತಾಲ್ಲೂಕಿನ ದೇವರಾಯಸಮುದ್ರದಲ್ಲಿ. ಅಪ್ಪ ಚನ್ನರಾಯಪ್ಪ ಹಿಪ್ಪುನೇರಳೆ ಬೆಳೆದು ರೇಷ್ಮೆ ಹುಳು ಸಾಕುತ್ತಿದ್ದರು. ಎಸ್ಸೆಸ್ಸೆಲ್ಸಿ ಮುಗಿದ ಮೇಲೆ ಮುಳಬಾಗಿಲಿನ ಒಂದು ಪಾರ್ಲರಿನಲ್ಲಿ ಕೂದಲು ಗುಡಿಸುವ ಕೆಲಸಕ್ಕೆ ಸೇರಿದವಳು ನೋಡನೋಡುತ್ತಲೇ ಕತ್ತರಿ ಹಿಡಿದಳು, ಆಮೇಲೆ ಮಾಲೂರಿಗೆ ಬಂದು ಸ್ವಂತ ಅಂಗಡಿ ತೆರೆದಳು. ನೋಡಲು ಬಂದ ಗಂಡುಗಳೆಲ್ಲ ಅಂಗಡಿ ಮುಚ್ಚಬೇಕು ಎಂದರು. ಅವಳು ಮುಚ್ಚಲಿಲ್ಲ. ಹೀಗೇ ಮೂವತ್ತು ದಾಟಿತು. ಕೊನೆಗೆ ಅಮರನಾಥ್ ಬಂದ. ಬೆಂಗಳೂರಿನ ವರ್ಕ್‌ಶಾಪೊಂದರಲ್ಲಿ ಲೇತ್ ಕೆಲಸ, ದಿನಾ ರೈಲಿನ ಓಡಾಟ. "ಅಂಗಡಿ ಇರ್ಲಿ ಬಿಡಿ. ನಾನೂ ಬೆಳಿಗ್ಗೆ ಹೋದ್ರೆ ಕತ್ತಲಾದ್ಮೇಲೇ ಬರೋದು," ಎಂದ. ವಾಣಿಶ್ರೀ ಒಪ್ಪಿಕೊಂಡಳು.

ಅಮರನಾಥನಿಗೆ ಅದು ಎರಡನೇ ಮದುವೆ. ಮೊದಲ ಹೆಂಡತಿ ಪದ್ಮಶ್ರೀ ಡೆಂಗಿಯಲ್ಲಿ ತೀರಿಕೊಂಡಿದ್ದಳು. ಅವಳ ಮಗಳು ಧನಶ್ರೀಗೆ ಆಗ ಏಳು ವರ್ಷ. ಪದ್ಮಶ್ರೀಯ ತಾಯಿ ಬೈರಮ್ಮ ವಕ್ಕಲೇರಿಯಲ್ಲಿದ್ದ ಮನೆ, ಹಸು ಎಲ್ಲವನ್ನೂ ಮಗನಿಗೆ ಒಪ್ಪಿಸಿ ಮೊಮ್ಮಗಳನ್ನು ನೋಡಿಕೊಳ್ಳಲು ಮಾಲೂರಿಗೆ ಬಂದವರು ಅಲ್ಲೇ ಉಳಿದಿದ್ದರು. ವಾಣಿಶ್ರೀ ಕಾಲಿಟ್ಟದ್ದು ಅಂಥ ಮನೆಗೆ.

ಬೈರಮ್ಮ ಜಗಳಗಂಟಿಯಲ್ಲ. ಊಟ ಆಯ್ತಾ ಎಂದು ಕೇಳುವರು, ಅವಳಿಗೂ ಸೇರಿಸಿಯೇ ಮುದ್ದೆ ಕಟ್ಟುವರು. ಆದರೆ ಧನಶ್ರೀಯ ತಲೆಯನ್ನು ಮಾತ್ರ ಮುಟ್ಟಗೊಡುತ್ತಿರಲಿಲ್ಲ. ಹುಡುಗಿಗೆ ಸೊಂಟದವರೆಗೆ ಕೂದಲು. ಪದ್ಮಶ್ರೀ ಆಸೆಪಟ್ಟು ಬೆಳೆಸಿದ್ದು. ಈಗ ಮುದುಕಿಗೆ ಕಣ್ಣು ಮಂಜು. ಬೈತಲೆ ಸೊಟ್ಟ, ಜಡೆ ಸಡಿಲ, ಒಳಗೆಲ್ಲ ಸಿಕ್ಕು. ದಿನವಿಡೀ ಊರಿನ ತಲೆಗಳನ್ನು ಬಾಚುವ ವಾಣಿಶ್ರೀ ಮನೆಯೊಳಗೆ ಅದನ್ನು ನೋಡಿಕೊಂಡು ಸುಮ್ಮನಿದ್ದಳು. ಹುಡುಗಿ ಅವಳನ್ನು 'ಆಂಟಿ' ಎನ್ನುತ್ತಿದ್ದಳು.

ಧನಶ್ರೀ ಐದನೇ ಕ್ಲಾಸಿಗೆ ಬಂದ ವರ್ಷ ಪೋಷಕರ ಸಭೆಗೆ ವಾಣಿಶ್ರೀಯೇ ಹೋದಳು. ಕ್ಲಾಸ್ ಟೀಚರ್ ಉಮಾಶಂಕರ್ ಇಂಗ್ಲಿಷ್ ಮೇಷ್ಟ್ರು, ಮೆತ್ತಗಿನ ಮನುಷ್ಯ.

"ನೀವು ಧನಶ್ರೀ ಸ್ಟೆಪ್ ಮದರ್ ಅಲ್ವಾ? ಅವಳೇ ಹೇಳಿದ್ಳು. ಹುಡುಗಿ ಚುರುಕು ಕಣಮ್ಮ. ಆದ್ರೆ ಲೆಕ್ಕದಲ್ಲಿ ಸ್ಟೆಪ್ಸ್ ಬರಿಯಲ್ಲ, ಬರೀ ಉತ್ತರ ಬರೀತಾಳೆ. ಅರ್ಧ ಮಾರ್ಕ್ಸ್ ಅಲ್ಲೇ ಹೋಗುತ್ತೆ," ಎಂದರು.

ಎರಡನೇ ಮಾತು ವಾಣಿಶ್ರೀಯ ಕಿವಿಗೆ ಬೀಳಲೇ ಇಲ್ಲ. ದಾರಿಯಲ್ಲಿ ತಡೆಯಲಾರದೆ ಕೇಳಿದಳು.

"ಧನು, ಸಾರ್ ಹತ್ರ ನನ್ನನ್ನ ಏನಂತ ಹೇಳಿದ್ದೆ?"

"ಸ್ಟೆಪ್ ಮದರ್ ಅಂತ."

"ಯಾಕೆ?"

ಹುಡುಗಿ ಬ್ಯಾಗಿನ ಪಟ್ಟಿ ಎಳೆದುಕೊಂಡಳು. "ಅಜ್ಜಿ ಮಲತಾಯಿ ಅಂತಾರೆ. ಅದು ಚೆನ್ನಾಗಿಲ್ಲ. ಕಥೇಲಿ ಬರೋ ಮಲತಾಯೀರೆಲ್ಲ ಕೆಟ್ಟೋರು. ನಿಮ್ಮ ಅಂಗಡಿ ಬೋರ್ಡಲ್ಲೂ ಸ್ಟೆಪ್ ಅಂತ ಇದೆಯಲ್ಲ, ನಿಮಗೆ ಬೇಜಾರಾಗಲ್ಲ ಅಂದ್ಕೊಂಡೆ."

ವಾಣಿಶ್ರೀಗೆ ನಗು ಬಂತು, ಬೇಜಾರೂ ಆಯಿತು. ಸಂಜೆ ಗಂಡನ ಹತ್ತಿರ, "ತಾಯಿಗೆ ಯಾಕ್ರೀ ಸ್ಟೆಪ್ ಅಂತಾರೆ?" ಎಂದು ಕೇಳಿದಳು. ದಣಿದು ಬಂದಿದ್ದ ಅಮರನಾಥ್ ಟವೆಲ್ಲಿನಿಂದ ಮುಖ ಒರೆಸುತ್ತಾ, "ಗಾಡೀಗೆ ಸ್ಟೆಪ್ನಿ ಇರಲ್ವಾ, ಹಂಗೇ ಇರ್ಬೇಕು," ಎಂದ. ತಮಾಷೆಗೆ ಅಂದದ್ದು. ಮಾರನೇ ದಿನ ರೈಲಿಗೆ ಹೊರಡುವಾಗ ಅವನ ಕೈಗೆ ಡಬ್ಬಿ ಕೊಟ್ಟಳೇ ಹೊರತು ಮಾತಾಡಲಿಲ್ಲ. ಟೈರು ಪಂಚರ್ ಆದಾಗ ಹಾಕುವ ಬದಲಿ ಟೈರು ತಾನು ಎಂಬ ಮಾತು ಅಂಗಡಿಯಲ್ಲಿ ಕತ್ತರಿ ಆಡಿಸುವಾಗಲೂ ತಲೆಯಲ್ಲಿ ಸುತ್ತುತ್ತಿತ್ತು.

ಅಷ್ಟರಲ್ಲಿ ಸ್ಕೂಲ್ ಡೇ ಬಂತು. ಧನಶ್ರೀ ಡ್ಯಾನ್ಸಿಗೆ ಸೇರಿದಳು. ಹಜಾರದಲ್ಲಿ ಎಡಕ್ಕೊಂದು ಬಲಕ್ಕೊಂದು ಸ್ಟೆಪ್ ಹಾಕುತ್ತಾ ಅಜ್ಜಿಯ ಮುಂದೆ ನಿಂತು, "ಎಲ್ಲಾರೂ ಸ್ಟೆಪ್ ಕಟ್ ಮಾಡಿಸ್ಕೊಂಡವ್ರೆ. ನಾನೂ ಮಾಡಿಸ್ಕೊಳ್ತೀನಿ. ಆಂಟೀನೇ ಮಾಡ್ತಾರೆ," ಎಂದಳು.

ಬೈರಮ್ಮ ಸಿಡಿದರು. "ನನ್ನ ಮಗ್ಳು ಬೆಳೆಸಿದ ಕೂದ್ಲು ಕಣೇ ಅದು! ಮಲತಾಯಿ ಬಂದು ಕತ್ತರಿ ಹಾಕಿದ್ಲು ಅಂತ ವಕ್ಕಲೇರಿವರ್ಗೂ ಆಡ್ಕೊಳ್ತಾರೆ." ಆಮೇಲೆ ವಾಣಿಶ್ರೀಯ ಕಡೆ ತಿರುಗಿ, "ನೀನೇ ಹೇಳ್ಕೊಟ್ಟೆಯೇನಮ್ಮ?" ಎಂದರು.

"ಇಲ್ಲಮ್ಮ. ನೀವು ಹೇಳ್ದೆ ನಾನು ಮುಟ್ಟಲ್ಲ," ಎಂದು ವಾಣಿಶ್ರೀ ಅಡುಗೆಮನೆಗೆ ಹೋದಳು. ಹುಡುಗಿ ಅಳುತ್ತಾ ಮಲಗಿದಳು.

ಮಾರನೇ ದಿನ ಹುಡುಗಿಯನ್ನು ಶಾಲೆಗೆ ಬಿಡಲು ಹೋದ ವಾಣಿಶ್ರೀ ಉಮಾಶಂಕರ್ ಮೇಷ್ಟ್ರನ್ನು ನಿಲ್ಲಿಸಿ, ಗಂಡನಿಗೆ ಕೇಳಿದ್ದ ಪ್ರಶ್ನೆಯನ್ನೇ ಕೇಳಿದಳು. "ನನಗೂ ಗೊತ್ತಿಲ್ಲಮ್ಮ, ನೋಡಿ ಹೇಳ್ತೀನಿ," ಎಂದ ಅವರು ಸಂಜೆ ಅವಳು ಬರುವುದನ್ನೇ ಕಾದಿದ್ದರು.

"ಮೆಟ್ಟಿಲು, ಹೆಜ್ಜೆ, ಲೆಕ್ಕದ ಸ್ಟೆಪ್ಪು, ಡ್ಯಾನ್ಸ್ ಸ್ಟೆಪ್ಪು, ನಿಮ್ಮ ಕಟಿಂಗೂ ಅಷ್ಟೇ, ಎಲ್ಲಾ ನಡೆಯೋದರಿಂದ ಹುಟ್ಟಿದ್ದು. ಸ್ಟೆಪ್ ಮದರ್ ಮಾತ್ರ ಬೇರೆ. ಅದಕ್ಕೂ ಕಾಲಿಗೂ ಸಂಬಂಧ ಇಲ್ಲ. ತುಂಬಾ ಹಳೇ ಇಂಗ್ಲಿಷಲ್ಲಿ ಹೆತ್ತವರನ್ನ ಕಳ್ಕೊಂಡ ಮಗೂಗೆ ಸ್ಟೆಪ್ ಅನ್ನೋ ಮಾತು ಸೇರಿಸಿ ಹೇಳ್ತಿದ್ರಂತೆ. ಅಂಥ ಮಗೂಗೆ ತಾಯಾದೋಳು ಸ್ಟೆಪ್ ಮದರ್. ಮೊದ್ಲು ಮಗೂಗಿತ್ತು ಆ ಮಾತು, ಆಮೇಲೆ ತಾಯಿಗೆ ಬಂತು."

ವಾಣಿಶ್ರೀ ಮನೆಗೆ ಬಂದಾಗ ಬೈರಮ್ಮ ಒಬ್ಬರೇ ಕೂತು ಅವರೆಕಾಯಿ ಬಿಡಿಸುತ್ತಿದ್ದರು. ಅವಳೂ ಎದುರು ಕೂತು ಒಂದು ಹಿಡಿ ಕಾಯಿ ತೆಗೆದುಕೊಂಡಳು. ಮೇಷ್ಟ್ರು ಹೇಳಿದ್ದನ್ನು ಇದ್ದದ್ದು ಇದ್ದಂತೆ ಹೇಳಿದಳು. ತನ್ನ ಪರವಾಗಿ ಒಂದು ಮಾತೂ ಸೇರಿಸಲಿಲ್ಲ.

ಬೈರಮ್ಮನ ಕೈ ನಿಂತಿತು. "ತಲ್ಲಿ ಲೇನಿ ಬಿಡ್ಡ," ಎಂದರು, ತಾಯಿಲ್ಲದ ಮಗು ಎಂದು ತಮಗೆ ತಾವೇ ತೆಲುಗಿನಲ್ಲಿ. ಸೆರಗಿನಿಂದ ಕಣ್ಣೊರೆಸಿಕೊಂಡು, "ನಾನು ನಿನ್ನನ್ನೇ ನೋಡ್ತಾ ಕೂತೆ. ಮಗೂ ಮುಖ ನೋಡ್ಲಿಲ್ಲ," ಎಂದರು. ಇಬ್ಬರೂ ಕಾಯಿ ಬಿಡಿಸಿ ಮುಗಿಸಿದರು.

ಭಾನುವಾರ ಮಧ್ಯಾಹ್ನ ಪಾರ್ಲರಿನ ಬಾಗಿಲಲ್ಲಿ ಏದುಸಿರು ಕೇಳಿಸಿತು. ಪಾರ್ಲರಿದ್ದದ್ದು ಮಹಡಿಯ ಮೇಲೆ. ಬೈರಮ್ಮ ಅದುವರೆಗೆ ಒಮ್ಮೆಯೂ ಹತ್ತಿದವರಲ್ಲ. ಮೊಮ್ಮಗಳ ಭುಜ ಹಿಡಿದು ಹತ್ತಿ ಬಂದಿದ್ದರು. ಒಳಗಿದ್ದ ಗಿರಾಕಿಗಳು ಎದ್ದು ಕುರ್ಚಿ ಬಿಟ್ಟುಕೊಟ್ಟರು.

"ಮುಂದೆ ಬೇಕಾದ್ರೆ ಕತ್ತರ್ಸು. ಹಿಂದೆ ಉದ್ದ ಹಂಗೇ ಇರ್ಲಿ," ಎಂದರು ಬೈರಮ್ಮ.

ವಾಣಿಶ್ರೀ ಕತ್ತರಿ ಮುಟ್ಟುವ ಮೊದಲು ಎಣ್ಣೆ ಹಚ್ಚಿ ಸಿಕ್ಕು ಬಿಡಿಸಿದಳು. ಅದಕ್ಕೇ ಬಹಳ ಹೊತ್ತು ಹಿಡಿಯಿತು. ಒಂದೊಂದೇ ಎಳೆ ಹಿಡಿದು ತುದಿಯಿಂದ ಮೇಲಕ್ಕೆ ಬಾಚುವಾಗ ಹುಡುಗಿ ಒಮ್ಮೆಯೂ 'ಹಾ' ಎನ್ನಲಿಲ್ಲ. ಅರ್ಧಕ್ಕೆ ಕಣ್ಣು ಮುಚ್ಚಿ ತೂಕಡಿಸಿದಳು. ಕೆನ್ನೆಯ ಪಕ್ಕ ಎರಡು ಸಾಲು ಮಾತ್ರ ಕತ್ತರಿಸಿ, ಉಳಿದದ್ದನ್ನು ಬಿಗಿಯಾಗಿ ಹೆಣೆದಳು. ಬೈರಮ್ಮ ಹತ್ತಿರ ಬಂದು ಜಡೆಯನ್ನು ಬೆರಳಲ್ಲಿ ಸವರಿ, "ನನ್ನ ಮಗ್ಳು ಹೆಣೀತಿದ್ದಂಗೇ ಐತೆ," ಎಂದರು.

ಸ್ಕೂಲ್ ಡೇ ದಿನ ಧನಶ್ರೀ ಎರಡು ಕಡೆ ಹೆಜ್ಜೆ ತಪ್ಪಿದಳು. ಯಾರೂ ಅದನ್ನು ದೊಡ್ಡದು ಮಾಡಲಿಲ್ಲ. ಆಮೇಲಾಮೇಲೆ 'ಆಂಟಿ' ಹೋಗಿ 'ಚಿಕ್ಕಮ್ಮ' ಬಂತು. ಯಾವ ದಿನದಿಂದ ಎಂದು ಮನೆಯಲ್ಲಿ ಯಾರಿಗೂ ನೆನಪಿಲ್ಲ.

ಸಂಕ್ರಾಂತಿ ಕಳೆದ ಮೇಲೆ ಬೈರಮ್ಮ ವಕ್ಕಲೇರಿಗೆ ಹೊರಟರು. ಕರು ಹಾಕಿದ ಹಸುವೊಂದನ್ನು ನೋಡಿಕೊಳ್ಳುವವರಿಲ್ಲ ಎಂದು ನೆಪ ಹೇಳಿದರು. ಬಸ್ಸಿನ ಕಿಟಕಿಯಿಂದ ತಲೆ ಹೊರಗೆ ಹಾಕಿ ವಾಣಿಶ್ರೀಯನ್ನು ಹತ್ತಿರ ಕರೆದರು.

"ನೆತ್ತೀಗೆ ಎಣ್ಣೆ ಜಾಸ್ತಿ ಹಾಕ್ಬೇಡ, ಮಗೂಗೆ ಶೀತ ಆಗುತ್ತೆ. ತಲೆ ಒಣಗದೇ ಜಡೆ ಹಾಕ್ಬೇಡ. ತಿಳೀತಾ?"

"ಆಗ್ಲಿ ಅಮ್ಮ," ಎಂದಳು ವಾಣಿಶ್ರೀ. ಬಸ್ಸು ಕೋಲಾರದ ರಸ್ತೆಗೆ ತಿರುಗುವವರೆಗೂ ಮುದುಕಿ ಇನ್ನೂ ಏನೋ ಹೇಳುತ್ತಲೇ ಇದ್ದರು.