ಆಕ್ಸಿಜನ್ ಮಷೀನಿನ ಗವಸು

ನಾನು ಬಯೋಮೆಡಿಕಲ್ ಎಂಜಿನಿಯರಿಂಗ್ ಓದುತ್ತೇನೆ ಎಂದರೆ ಬ್ಯಾಡಗಿಯಲ್ಲಿ ಮುಂದಿನ ಪ್ರಶ್ನೆ ಒಂದೇ: "ಮೆಡಿಕಲ್ ಎಲ್ಲಿ ತಗೀತೀಯವಾ?" ನಮ್ಮ ಕಡೆ ಮೆಡಿಕಲ್ ಎಂದರೆ ಔಷಧಿ ಅಂಗಡಿ. ಅದರ ಹಿಂದಿನ 'ಬಯೋ' ಯಾರ ಕಿವಿಗೂ ಬೀಳುವುದಿಲ್ಲ. ರಾಣೇಬೆನ್ನೂರಿನ ಸೋದರಮಾವನಂತೂ ಬಸ್ ಸ್ಟ್ಯಾಂಡಿನ ಹತ್ತಿರದ ತನ್ನ ಮಳಿಗೆಯನ್ನು ನನಗಾಗಿ ಖಾಲಿ ಇಟ್ಟುಬಿಟ್ಟಿದ್ದ.

ಮೆಣಸಿನಕಾಯಿ ವ್ಯಾಪಾರಿಯಾದ ಅಪ್ಪನಿಗೆ ಬಿಡಿಸಿ ಹೇಳಿ ಸಾಕಾಗಿತ್ತು. ಆಸ್ಪತ್ರೆ, ಯಂತ್ರ ಮಾಡುವ ಕಂಪನಿ, ಪ್ರಯೋಗಾಲಯ ಎಂದು ಕಾಲೇಜಿನವರು ಹೇಳಿಕೊಟ್ಟದ್ದನ್ನೆಲ್ಲ ಒಪ್ಪಿಸಿದೆ. ಅಪ್ಪ ಕೇಳಿದ, "ಹಾವೇರಿ ಜಿಲ್ಲಾದಾಗ ಈ ನೌಕರಿ ಮಾಡಾವ್ರು ಒಬ್ಬರನ್ನ ತೋರ್ಸು." ನನಗೆ ಒಬ್ಬರೂ ಗೊತ್ತಿರಲಿಲ್ಲ. ಕಡೆಯ ವರ್ಷಕ್ಕೆ ಮುಂಚಿನ ರಜೆಗೆ ಬಂದಾಗ, ಇದನ್ನು ಬಿಟ್ಟು ಫಾರ್ಮಸಿ ಸೇರು ಎಂದು ಅಪ್ಪ ತೀರ್ಮಾನಿಸಿಯೇ ಕೂತಿದ್ದ. ನನಗೆ ಊಟ ಸೇರಲಿಲ್ಲ. ಓದು ಬಿಡಬೇಕಾದ ದುಃಖಕ್ಕಿಂತ, ಸರಿಯಾದ ಉತ್ತರ ನನ್ನಲ್ಲೇ ಇಲ್ಲವಲ್ಲ ಎಂಬ ಸಿಟ್ಟು ಹೆಚ್ಚಿತ್ತು.

ಅದೇ ವಾರ ಅಜ್ಜಿಯ ಆಕ್ಸಿಜನ್ ಮಷೀನು ಕೂಗತೊಡಗಿತು. ಕೋಣೆಯ ಗಾಳಿಯನ್ನೇ ಎಳೆದುಕೊಂಡು, ಸೋಸಿ, ಆಕ್ಸಿಜನ್ ಕೊಡುವ ಯಂತ್ರ ಅದು. ಉಸಿರಿನ ತೊಂದರೆಯಿದ್ದ ಅಜ್ಜಿಗೆಂದು ಹಾವೇರಿಯಿಂದ ಬಾಡಿಗೆಗೆ ತಂದಿದ್ದೆವು. ಹಚ್ಚಿದ ಸ್ವಲ್ಪ ಹೊತ್ತಿಗೆ ಕೂಗು. ಆರಿಸಿ ಮತ್ತೆ ಹಚ್ಚಿದರೆ ಮತ್ತೆ ಕೂಗು. ಅಪ್ಪ ಅಜ್ಜಿಗೆ ಸಣ್ಣ ಸಿಲಿಂಡರ್ ಜೋಡಿಸಿ, ಮಷೀನು ವಾಪಸ್ ಒಯ್ಯಲು ಗಾಡಿಗೆ ಫೋನ್ ಮಾಡತೊಡಗಿದ.

ನಾನು ಮಷೀನಿನ ಮುಂದೆ ಕೂತೆ. ಕಂಡದ್ದು ಮಷೀನಲ್ಲ, ಅಜ್ಜಿಯ ಹಳೆಯ ಇಳಕಲ್ ಸೀರೆಯ ಗವಸು. ಸೀಜನ್ನಿನಲ್ಲಿ ನಮ್ಮೂರ ಗಾಳಿಯೆಲ್ಲ ಮೆಣಸಿನಕಾಯಿ ಘಾಟು. ಮಿಕ್ಸರು, ಟಿವಿ ಎಲ್ಲಕ್ಕೂ ಮನೆಯ ಹೆಂಗಸರು ಗವಸು ಹೊಲಿದು ಹೊದಿಸುತ್ತಾರೆ. ಇದಕ್ಕೂ ಅಜ್ಜಿ ದಡಿ ಮುಂದೆ ಬರುವ ಹಾಗೆ ಅಚ್ಚುಕಟ್ಟಾಗಿ ಹೊಲಿದಿದ್ದಳು. ಪಾಪ, ಉಸಿರು ಕೊಡಬೇಕಾದ ಮಷೀನಿಗೇ ಉಸಿರುಕಟ್ಟಿ ಮೈ ಕಾದಿತ್ತು.

ಗವಸು ತೆಗೆದೆ. ತಣ್ಣಗಾದ ಮೇಲೆ ಹಚ್ಚಿದೆ. ಕೂಗಲಿಲ್ಲ.

"ಗವಸು ತಗಿಯಾಕ ಎಂಜಿನಿಯರಿಂಗ್ ಓದಬೇಕೇನು?" ಎಂದ ಅಪ್ಪ.

ಮಾತು ಚುರುಕ್ಕೆಂದಿತು, ಆದರೆ ನನ್ನ ತಲೆ ಬೇರೆಲ್ಲೋ ಇತ್ತು. ಮಷೀನಿನ ಹಿಂಬದಿಯ ಫಿಲ್ಟರ್ ಕಿತ್ತೆ. ಗವಸಿನ ಒಳಗಿದ್ದೂ ಅದು ಕೆಂಪಗಾಗಿತ್ತು. ಇನ್ನು ಬರಿಮೈಯಲ್ಲಿ ಬಿಟ್ಟರೆ ಎಷ್ಟು ದಿನ ಬಾಳೀತು? ಗಾಳಿ ಬಿಡಬೇಕು, ಖಾರದ ಧೂಳು ತಡೆಯಬೇಕು; ಅಂಥ ಗವಸು ಯಾವುದರಿಂದ ಆದೀತು? ಜೊತೆಗೆ ಬಂದಿದ್ದ ಇನ್ನೊಂದು ಫಿಲ್ಟರ್ ಹಾಕಿ, ಸೊಳ್ಳೆ ಪರದೆಯ ತುಂಡು, ಹಿಟ್ಟಿನ ಜರಡಿ, ಅಜ್ಜಿಯ ಸೂಜಿದಾರ ಎಲ್ಲ ಹರವಿಕೊಂಡು ಸೀನುತ್ತಾ ಕೂತೆ. ಊಟ ಸೇರದ್ದು ಮರೆತೇ ಹೋಗಿತ್ತು.

ಅಜ್ಜಿ ಮಂಚದಿಂದಲೇ ಕೇಳಿದಳು, "ಇದನ್ನ ಮಾಡಿದಾವ್ರು ಬ್ಯಾಡಗಿಗೆ ಬಂದಿಲ್ಲೇನವಾ?"

"ಬಂದಿರಾಕಿಲ್ಲ ಬಿಡಬೇ."

"ಮತ್ತ ನಮ್ಮೂರ ಗಾಳಿ ಅವ್ರಿಗೆ ಹೆಂಗ ಗೊತ್ತಾಗಬೇಕು?"

ಅಪ್ಪ ಆ ಕೆಂಪು ಫಿಲ್ಟರನ್ನು ಎತ್ತಿಕೊಂಡು, ಕಾಯಿ ಪರೀಕ್ಷಿಸುವ ಹಾಗೆ ಬೆರಳಲ್ಲಿ ತಿಕ್ಕಿ ನೋಡಿದ. ಆಮೇಲೆ ರಾಣೇಬೆನ್ನೂರಿಗೆ ಫೋನ್ ಹಚ್ಚಿದ.

"ಮಳಿಗಿ ಬ್ಯಾರೇದವ್ರಿಗೆ ಕೊಡ್ರಿ. ನಮ್ಮ ಹುಡುಗಿ ಮೆಡಿಕಲ್ ತಗಿಯಂಗಿಲ್ಲ."

ಮತ್ತೇನು ಮಾಡುತ್ತಾಳೆ ಎಂದು ಮಾವ ಕೇಳಿರಬೇಕು. ಅಪ್ಪ ಒಂದು ಸಲ ಸೀನಿ, ನನ್ನ ಕಡೆ ನೋಡಿದ.

"ಮಷೀನಿಗೆ ಗವಸು ಹೊಲೀತಾಳ," ಎಂದ.