ಮುಚ್ಚಳದ ಸದ್ದು

ಲಾರಿ ಸ್ಟ್ಯಾಂಡಿನ ಎದುರಿಗೆ ಎರಡು ಕುರ್ಚಿಯ ಕ್ಷೌರದಂಗಡಿ ಇಟ್ಟಿದ್ದ ಆ ಮನುಷ್ಯನನ್ನು ಎಲ್ಲರೂ ಕರೆಯುತ್ತಿದ್ದುದು ರೇಡಿಯೋ ಎಂದು. ಕತ್ತರಿ ನಿಂತರೂ ಬಾಯಿ ನಿಲ್ಲದು. ಯಾರ ಹಲ್ಲುನೋವಿಗೆ ಏನು ಮದ್ದು, ಯಾರ ಮನೆಯ ಜಗಳ ಎಲ್ಲಿಗೆ ಬಂತು, ಎಲ್ಲವೂ ಅವನ ನಾಲಿಗೆಯ ತುದಿಯಲ್ಲೇ. ಅದಕ್ಕೇ ಆಸ್ಪತ್ರೆಯ ನರ್ಸಮ್ಮ ಹುಡುಕಿಕೊಂಡು ಬಂದು, ಕಾಂಡೋಮ್ ತುಂಬಿದ ತಗಡಿನ ಡಬ್ಬಿಯೊಂದನ್ನು ಅವನ ಕನ್ನಡಿಯ ಕೆಳಗಿಟ್ಟಳು.

"ಡ್ರೈವರುಗಳು ನಮ್ಮ ಹತ್ರ ಬರಲ್ಲ, ನಿಮ್ಮ ಹತ್ರ ಬರ್ತಾರೆ. ಎಚ್‌ಐವಿ ಬಗ್ಗೆ ನಾಲ್ಕು ಮಾತು ಹೇಳಿ, ಪುಣ್ಯ ಬರುತ್ತೆ" ಎಂದಳು.

ಹೇಳುವುದೇನೋ ಹೇಳಿದ. ತೆಗೆದುಕೊಳ್ಳುವವರು ಯಾರು? ನಾಲ್ಕು ಜನರ ಕಣ್ಣೆದುರು ಡಬ್ಬಿಗೆ ಕೈ ಹಾಕಿದರೆ ಮರ್ಯಾದೆ ಉಳಿಯುತ್ತದೆಯೇ? ಮೊದಲ ವಾರ ಒಂದೂ ಖಾಲಿಯಾಗಲಿಲ್ಲ. ಆಗ ರೇಡಿಯೋ ಡಬ್ಬಿಯನ್ನು ಪರದೆಯ ಹಿಂದೆ, ನಲ್ಲಿಯ ಪಕ್ಕದ ಗೂಡಿಗೆ ಸಾಗಿಸಿದ. ಗಡ್ಡ ಮುಗಿದ ಮೇಲೆ ಮುಖ ತೊಳೆಯಲು ಎಲ್ಲರೂ ಅಲ್ಲಿಗೇ ಹೋಗಬೇಕು. ಅವರು ಒಳಗೆ ಹೋದರೆ ಇವನು ಬೆನ್ನು ತಿರುಗಿಸಿ ಕತ್ತಿ ಮಸೆಯುತ್ತ ನಿಲ್ಲುತ್ತಿದ್ದ. ಡಬ್ಬಿಯ ಮುಚ್ಚಳ ಬಲು ಬಿಗಿ, ತೆಗೆದರೆ ಟಪ್ಪೆನ್ನುತ್ತಿತ್ತು. ಆ ಸದ್ದು ಕೇಳಿದರೆ ಸಾಕು, ಇವತ್ತೊಬ್ಬ ಬಚಾವಾದ ಎಂದುಕೊಳ್ಳುತ್ತಿದ್ದ.

ಒಬ್ಬಳೇ ಮಗಳನ್ನು ಕೊಟ್ಟಿದ್ದೂ ಲಾರಿ ಡ್ರೈವರನಿಗೇ. ಮೀಸೆ ನೋಡಿ ಅಳಿಯನನ್ನು ಆರಿಸಿದ ಪುಣ್ಯಾತ್ಮ ಎಂದು ಹೆಂಡತಿ ಈಗಲೂ ಹಂಗಿಸುತ್ತಾಳೆ. ಅಳಿಯ ಹದಿನೈದು ದಿನ ರಸ್ತೆ ಸುತ್ತಿ ಬಂದರೆ ಮೊದಲು ಮಾವನ ಅಂಗಡಿಯಲ್ಲಿ ಗಡ್ಡ, ಆಮೇಲೆ ಎರಡು ಬೀದಿ ಆಚೆಗಿದ್ದ ಮನೆ. ಊರಿಗೆಲ್ಲ ಉಪದೇಶ ಮಾಡುವ ಬಾಯಿಗೆ ಬೀಗ ಬೀಳುತ್ತಿದ್ದುದು ಆಗಲೇ. ಮಗಳನ್ನು ಕೊಟ್ಟ ಮಾವ ಅಳಿಯನಿಗೆ ಅದನ್ನು ಯಾವ ಮುಖ ಇಟ್ಟುಕೊಂಡು ಹೇಳುವುದು? ಮದುವೆಯಾಗಿ ತಿಂಗಳಾದ ಮೇಲೆ ಒಂದು ದಿನ ಪರದೆಯ ಹಿಂದೆ ಅಳಿಯನಿದ್ದಾಗ ಮುಚ್ಚಳ ಟಪ್ಪೆಂದಿತು. ರೇಡಿಯೋಗೆ ಹೋದ ಜೀವ ಬಂದಂತಾಯಿತು. ಸದ್ಯ, ಹೇಳದೆಯೇ ತಿಳಿದುಕೊಂಡನಲ್ಲ!

ಎರಡು ವರ್ಷ ಅದೇ ಸದ್ದಿನ ಮೇಲೆ ನಿಶ್ಚಿಂತನಾಗಿದ್ದ. ಮಗಳು ಬಸುರಿಯಾದಾಗ, ಮಗು ಬೇಕೆಂದು ಬಿಟ್ಟಿರಬೇಕು ಅಂದುಕೊಂಡ. ಅವಳಿಗೆ ನಾಲ್ಕು ತಿಂಗಳು ತುಂಬಿತು, ಅಳಿಯ ಬಂದಾಗಲೆಲ್ಲ ಮುಚ್ಚಳ ಮಾತ್ರ ಟಪ್ಪೆನ್ನುತ್ತಲೇ ಇತ್ತು. ಅದೇಕೆ ಎಂದು ಆ ಮಂಕನಿಗೆ ಹೊಳೆಯಲೇ ಇಲ್ಲ.

ಹೊಳೆದದ್ದು ಒಂದು ಬೆಳಿಗ್ಗೆ. ಪಕ್ಕದ ಗ್ಯಾರೇಜಿನವನ ಗಡ್ಡ ಅರ್ಧ ಹೆರೆದು, ಬಿಸಿನೀರು ತರಲು ರೇಡಿಯೋ ಹಿತ್ತಲಿಗೆ ಹೋಗಿದ್ದ. ಅಳಿಯ ಮುಖ ತೊಳೆದು ಪರದೆ ಸರಿಸಿ ಹೊರಗೆ ಬಂದ.

"ಏನಪ್ಪಾ, ಜೇಬು ತುಂಬ ತುಂಬ್ಕೊಂಡೆ? ಮನೇಲಿ ಈಗ ರಜಾ ಅಲ್ವಾ?" ಎಂದು ಗ್ಯಾರೇಜಿನವನು ಕಿಚಾಯಿಸಿದ.

"ಥೂ, ಇದು ಮನೆಗಲ್ಲ ಕಣೋ, ದಾರಿಗೆ. ಕಟ್ಕೊಂಡ ಹೆಂಡ್ತಿ ಹತ್ರ ಯಾರಾದ್ರೂ ಇದನ್ನ ಹಾಕ್ತಾರಾ? ಅವಳೇನು ಅಂಥವಳಾ?"

"ದಾರೀಲಾದ್ರೂ ಮರೀದೆ ಹಾಕ್ತೀಯಾ?"

"ಜೇಬಲ್ಲಿದ್ರೆ ಹಾಕ್ತೀನಿ. ಖಾಲಿಯಾದ್ರೆ ದೇವರೇ ಗತಿ" ಎಂದು ಅಳಿಯ ನಕ್ಕ.

ಹಿತ್ತಲ ಬಾಗಿಲಲ್ಲಿ ನಿಂತಿದ್ದ ರೇಡಿಯೋ ಎಲ್ಲವನ್ನೂ ಕೇಳಿಸಿಕೊಂಡ. ತಾನು ಬಚಾವು ಮಾಡಿದ್ದು ದಾರಿಯವರನ್ನು. ಅದೂ ಪೂರ್ತಿ ಅಲ್ಲ. ಸ್ವಂತ ಮಗಳಿಗೆ ಒಂದೂ ದಕ್ಕಿಲ್ಲ! ಚೊಂಬು ಕೆಳಗಿಟ್ಟು, ಗ್ಯಾರೇಜಿನವನನ್ನು ಅರ್ಧ ಕೆನ್ನೆ ನೊರೆಯಲ್ಲೇ ಬಿಟ್ಟು, ಹಿಂದಿನ ಓಣಿ ಹಿಡಿದು ಮಗಳ ಮನೆಗೆ ಓಡಿದ.

ಮಗಳು ಮಂಚದ ಮೇಲೆ ಕೂತು ಒಗೆದ ಬಟ್ಟೆ ಮಡಚುತ್ತಿದ್ದಳು.

"ಯಾಕಪ್ಪಾ ಹೀಗೆ ಬೆವತಿದ್ದೀಯ?"

"ರಕ್ತ ಪರೀಕ್ಷೆ ಮಾಡಿಸ್ಬೇಕು ತಾಯಿ. ಈಗ್ಲೇ ನಡಿ. ಯಾಕೆ ಅಂತ ಕೇಳ್ಬೇಡ."

ಅವಳು ಕೈಯಲ್ಲಿದ್ದ ಅಂಗಿಯನ್ನು ಪೂರ್ತಿ ಮಡಚಿ ಪಕ್ಕಕ್ಕಿಟ್ಟಳು.

"ಅದು ಆಯ್ತಪ್ಪ. ಬಸುರಿಯರಿಗೆಲ್ಲ ಮಾಡ್ತಾರೆ. ಹೋದ ವಾರನೇ ಹೇಳಿದ್ರು, ನನಗೆ ಬಂದಿದೆ ಅಂತ. ಗಂಡನ್ನೂ ಕರ್ಕೊಂಡು ಬಾ ಅಂದ್ರು. ಇವರು ಬರಲ್ಲ ಅಂತಾರೆ. ಮಾತ್ರೆ ಕೊಟ್ಟಿದ್ದಾರೆ, ತಪ್ಪದೆ ನುಂಗಿದ್ರೆ ಮಗುವಿಗೆ ಬರದ ಹಾಗೆ ತಡೀಬಹುದಂತೆ."

ರೇಡಿಯೋ ನೆಲದ ಮೇಲೆ ಕೂತ. ಊರಿಗೆ ಹಂಚಿ ಮನೆ ಮರೆತ ತನ್ನ ಜನ್ಮಕ್ಕಿಷ್ಟು ಎಂದು ಹಣೆ ಹಣೆ ಚಚ್ಚಿಕೊಂಡ.

"ಮೊದಲೇ ನನಗೊಂದು ಮಾತು ಹೇಳ್ಬಾರದಿತ್ತೇನಮ್ಮ? ನಾನು ಅವನ ಕಾಲಾದ್ರೂ ಹಿಡೀತಿದ್ದೆ."

"ಹೇಳೋಕೇ ಬಂದಿದ್ದೆ ಅಪ್ಪ, ಮದುವೆಯಾದ ಹೊಸದರಲ್ಲಿ. ಅದನ್ನ ಹಾಕ್ಕೊಳ್ಳಿ ಅಂದಿದ್ದಕ್ಕೆ, ಇದನ್ನೆಲ್ಲ ಯಾರು ಕಲಿಸಿದ್ರು ನಿನಗೆ ಅಂತ ಕೆನ್ನೆಗೆ ಬಾರಿಸಿದ್ರು. ಊದ್ಕೊಂಡ ಕೆನ್ನೇಲೇ ಬಂದೆ. ನಾನು ಬಾಯಿ ತೆರೆಯೋಕೂ ಬಿಡ್ಲಿಲ್ಲ ನೀನು. ಗಂಡ ಹೆಂಡ್ತಿ ವಿಷಯ, ಅಪ್ಪನ ಮುಂದೆ ಆಡೋದಲ್ಲ ಅಂದೆ. ನೀನೇ ಕೈ ಹಿಡ್ಕೊಂಡು ವಾಪಸ್ ಬಿಟ್ಟು ಹೋದೆ."

ಹೌದು, ಬಿಟ್ಟು ಹೋಗಿದ್ದ. ಒಳಗೆ ಹೋಗಮ್ಮ ಎಂದು ಬೆನ್ನು ತಟ್ಟಿಯೂ ಇದ್ದ.